ಹೊಸ ಡಿವಿಡಿ ರೈಟರ್, ಹಳೆಯ ನೀರೋ: ಎರಡನ್ನೂ ಹೊಂದಿಸುವುದು ಹೇಗೆ?

ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ‘ಹಳೇ ಡಿವಿಡಿ ರೈಟರ್ ಕೆಟ್ಟಿತು. ಹೊಸದು ತಂದು ಹಾಕಿದೆ. ಸಿನಿಮಾ ಡಿಸ್ಕ್ ಹಾಕಿದರೆ ಓದುತ್ತೆ. ನೀರೋ ತೆರೆದರೆ ಮಾತ್ರ ರೈಟರೇ ಇಲ್ಲ ಅನ್ನುತ್ತೆ. ಏನು ಮಾಡಲಿ?’ ನೀರೋ ಅಂದರೆ ಸಿಡಿ, ಡಿವಿಡಿ ಬರೆಯುವ ಸಾಫ್ಟ್‌ವೇರ್.

ಕೇಳುವವರಲ್ಲಿ ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರಿದ್ದಾರೆ. ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನು ರೆಕಾರ್ಡ್ ಮಾಡಿ ಡಿವಿಡಿಗೆ ಹಾಕಿ ಹಂಚುವವರಿದ್ದಾರೆ. ಕೇಸಿನ ಜೊತೆ ವಿಡಿಯೋ ಸಿಡಿ ಕೊಡಬೇಕಾದ ವಕೀಲರ ಕಚೇರಿಯವರಿದ್ದಾರೆ. ಹಳೇ ಕಾರಿನ ಸ್ಟೀರಿಯೋಗೆ ಎಂಪಿ3 ಸಿಡಿ ಬೇಕೆನ್ನುವವರೂ ಇದ್ದಾರೆ. ಇವರಿಗೆಲ್ಲ ಹಳೇ ಸಾಫ್ಟ್‌ವೇರ್ ಬಿಡಲು ಮನಸ್ಸಿಲ್ಲ. ಅದಕ್ಕೆ ಕಾರಣವೂ ಇದೆ. ಕೈಗೆ ರೂಢಿಯಾಗಿದೆ, ಹಿಂದೆ ಮಾಡಿಟ್ಟ ಪ್ರಾಜೆಕ್ಟ್ ಫೈಲುಗಳು ಅದರಲ್ಲೇ ತೆರೆಯುತ್ತವೆ, ದುಡ್ಡು ಕೊಟ್ಟು ತಗೊಂಡಿದ್ದೂ ಹೌದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ತೊಂದರೆಯಲ್ಲಿ ಹೊಸ ರೈಟರ್ ಕೆಟ್ಟಿರುವುದು ಅಪರೂಪ. ನೀರೋ ಕೆಟ್ಟಿರುವುದೂ ಅಪರೂಪ. ಅವೆರಡರ ನಡುವಿನ ಯಾವುದೋ ಒಂದು ಕೊಂಡಿ ಕಳಚಿರುತ್ತದೆ. ಅದು ಕೇಬಲ್ ಇರಬಹುದು, ಡ್ರೈವರ್ (ವಿಂಡೋಸ್‌ಗೂ ಯಂತ್ರಕ್ಕೂ ಮಾತು ಕೂಡಿಸುವ ಪುಟ್ಟ ಸಾಫ್ಟ್‌ವೇರ್) ಇರಬಹುದು, ಹಿಂದೆ ಯಾವಾಗಲೋ ಹಾಕಿ ತೆಗೆದ ಸಾಫ್ಟ್‌ವೇರ್ ಬಿಟ್ಟುಹೋದ ಉಳಿಕೆ ಇರಬಹುದು. ಹಾಗಾಗಿ ರೈಟರನ್ನು ಅಂಗಡಿಗೆ ವಾಪಸ್ ಒಯ್ಯುವ ಮುಂಚೆ, ವಿಂಡೋಸ್ ಹೊಸದಾಗಿ ಹಾಕುವ ಮುಂಚೆ, ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಹಂತ ಸರಿಯಿದೆ ಅಂತ ಖಾತ್ರಿಯಾದ ಮೇಲಷ್ಟೇ ಮುಂದಿನದಕ್ಕೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅನ್ನುವುದೇ ಗೊತ್ತಾಗುವುದಿಲ್ಲ.

ಉದಾಹರಣೆಗೆ ನೀರೋವನ್ನೇ ತೆಗೆದುಕೊಂಡಿದ್ದೇನೆ. ಡ್ರೈವ್ ಡಬ್ಬದ ಜೊತೆಗೇ ಬರುತ್ತಿದ್ದುದರಿಂದ ನಮ್ಮಲ್ಲಿ ಜಾಸ್ತಿ ಜನರ ಹತ್ತಿರ ಇರುವುದು ಅದೇ. ರಾಕ್ಸಿಯೋ ತರಹದ ಬೇರೆ ಹಳೇ ಸಾಫ್ಟ್‌ವೇರ್ ಇದ್ದರೂ ದಾರಿ ಹೆಚ್ಚುಕಡಿಮೆ ಇದೇ.

ಹಳೇ ಸಾಫ್ಟ್‌ವೇರ್‌ಗೆ ಹೊಸ ರೈಟರ್ ಯಾಕೆ ಕಾಣುವುದಿಲ್ಲ?

ಸಿಡಿ ರೈಟರ್‌ಗಳ ಆರಂಭದ ಕಾಲದಲ್ಲಿ ಒಂದೊಂದು ಕಂಪನಿಯ ರೈಟರ್‌ಗೆ ಒಂದೊಂದು ಬಗೆಯ ಆದೇಶ ಕೊಡಬೇಕಿತ್ತು. ಸಾಫ್ಟ್‌ವೇರ್ ತನ್ನೊಳಗೆ ಮಾಡೆಲ್‌ಗಳ ಪಟ್ಟಿ ಇಟ್ಟುಕೊಂಡಿರುತ್ತಿತ್ತು. ಪಟ್ಟಿಯಲ್ಲಿ ಹೆಸರಿಲ್ಲದ ರೈಟರ್ ಬಂದರೆ ಅದಕ್ಕೆ ಕಾಣುತ್ತಲೇ ಇರಲಿಲ್ಲ. ಆಮೇಲೆ ಎಲ್ಲ ರೈಟರ್‌ಗಳಿಗೂ ಒಂದೇ ಆದೇಶಗಳ ಭಾಷೆ ಬಂತು. ಅದಕ್ಕೆ ಎಂಎಂಸಿ ಎನ್ನುತ್ತಾರೆ. ಈಗ ಸಿಗುವ ರೈಟರ್‌ಗಳೆಲ್ಲ ಇದೇ ಭಾಷೆಯವು. 2003ರಲ್ಲಿ ಬಂದ ನೀರೋ 6ಕ್ಕೂ ಈ ಭಾಷೆ ಗೊತ್ತು. ಅಂದರೆ ಭಾಷೆಯ ತೊಂದರೆ ಸಾಮಾನ್ಯವಾಗಿ ಇಲ್ಲ. ನಿಮ್ಮ ಸಾಫ್ಟ್‌ವೇರ್ 1990ರ ದಶಕದ್ದಾದರೆ ಮಾತ್ರ ಪಟ್ಟಿಯ ತೊಂದರೆ ಈಗಲೂ ಕಾಡುತ್ತದೆ. ಅಂಥವರು ನೇರವಾಗಿ 6ನೇ ಹಂತಕ್ಕೆ ಹೋಗಬಹುದು.

ಉಳಿದವರಿಗೆ ತೊಂದರೆ ಇರುವುದು ದಾರಿಯಲ್ಲಿ. ಆದೇಶ ಸಾಫ್ಟ್‌ವೇರ್‌ನಿಂದ ಹೊರಟು, ವಿಂಡೋಸ್ ದಾಟಿ, ಕೇಬಲ್ ದಾಟಿ ರೈಟರ್‌ಗೆ ತಲುಪಬೇಕು. ಈ ದಾರಿಯನ್ನು ನಾವು ರೈಟರ್ ಕಡೆಯಿಂದ ಹಿಂದಕ್ಕೆ ನೋಡುತ್ತಾ ಬರೋಣ.

ಮೊದಲು ಇವನ್ನು ಇಟ್ಟುಕೊಳ್ಳಿ

ಎರಡು ಮೂರು ಖಾಲಿ ಡಿವಿಡಿ ಬೇಕು, ಸಾಧ್ಯವಾದರೆ ಬೇರೆ ಬೇರೆ ಕಂಪನಿಯವು. ಒಂದು ಡಿವಿಡಿ ಆರ್‌ಡಬ್ಲ್ಯು, ಅಂದರೆ ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕ್, ಇದ್ದರೆ ಇನ್ನೂ ಒಳ್ಳೆಯದು. ಪರೀಕ್ಷೆಗೆ ಹತ್ತು ಡಿಸ್ಕ್ ಹಾಳು ಮಾಡುವ ಬದಲು ಅದೊಂದನ್ನೇ ಮತ್ತೆ ಮತ್ತೆ ಬಳಸಬಹುದು. ನೀರೋದ ಸೀರಿಯಲ್ ನಂಬರ್ ಎಲ್ಲಿದೆ ಅಂತ ಈಗಲೇ ಹುಡುಕಿಡಿ, ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಬಹುದು. ಹಾರ್ಡ್‌ಡಿಸ್ಕ್‌ನಲ್ಲಿ ಕನಿಷ್ಠ 10 ಜಿಬಿ ಜಾಗ ಖಾಲಿ ಇರಲಿ.

ಕಂಪ್ಯೂಟರ್ ಇನ್ನೂ ಎಕ್ಸ್‌ಪಿಯಲ್ಲೋ ವಿಂಡೋಸ್ 7ರಲ್ಲೋ ನಡೆಯುತ್ತಿದ್ದರೆ ಅದಕ್ಕೆ ಇಂಟರ್‌ನೆಟ್ ಕೊಡಬೇಡಿ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, 7ಕ್ಕೆ 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸುರಕ್ಷತೆಯ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದೆ. ಬೇಕಾದ ಫೈಲುಗಳನ್ನು ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ.

ಹಂತ 1: ಕೇಬಲ್ ಮತ್ತು ಕರೆಂಟ್

ಈಗ ಜಾಸ್ತಿ ಜನ ತರುವುದು ಯುಎಸ್‌ಬಿಗೆ ಚುಚ್ಚುವ ತೆಳ್ಳನೆಯ ಹೊರಗಿನ ರೈಟರ್. ಇದರಲ್ಲಿ ಮೊದಲು ನೋಡಬೇಕಾದದ್ದು ಕರೆಂಟ್. ಡಿಸ್ಕ್ ಓದುವಾಗ ರೈಟರ್‌ಗೆ ಕಡಿಮೆ ವಿದ್ಯುತ್ ಸಾಕು. ಬರೆಯುವಾಗ ಲೇಸರ್ ಜೋರಾಗಿ ಉರಿಯಬೇಕು, ಆಗ ಜಾಸ್ತಿ ಬೇಕು. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡುವುದು 500 ಮಿಲಿಆಂಪ್ ಮಾತ್ರ, 3.0 ಪೋರ್ಟ್ 900. ಸಿನಿಮಾ ಚೆನ್ನಾಗಿ ಓದುವ ರೈಟರ್ ಬರ್ನ್, ಅಂದರೆ ಡಿಸ್ಕ್‌ಗೆ ಬರೆಯುವುದನ್ನು, ಶುರು ಮಾಡಿದ ತಕ್ಷಣ ಕೈಕೊಡುವುದು ಇದಕ್ಕೇ.

ಮಾಡಬೇಕಾದ್ದು ಇಷ್ಟು. ಯುಎಸ್‌ಬಿ ಹಬ್ ಬೇಡ. ಸಿಪಿಯು ಡಬ್ಬದ ಮುಂಭಾಗದ ಪೋರ್ಟ್ ಬೇಡ, ಅದು ಒಳಗೆ ಉದ್ದನೆಯ ವೈರ್‌ನಲ್ಲಿ ಬಂದಿರುತ್ತದೆ. ಹಿಂಭಾಗದಲ್ಲಿ ಮದರ್‌ಬೋರ್ಡ್‌ಗೇ ಅಂಟಿಕೊಂಡಿರುವ ಪೋರ್ಟ್‌ಗೆ ನೇರವಾಗಿ ಚುಚ್ಚಿ. ರೈಟರ್ ಜೊತೆ ಎರಡು ತಲೆಯ ಕೇಬಲ್ ಬಂದಿದ್ದರೆ ಎರಡನ್ನೂ ಚುಚ್ಚಿ. ಎರಡನೆಯ ತಲೆ ಸುಮ್ನೆ ಕೊಟ್ಟಿರುವುದಲ್ಲ, ಅದು ಕರೆಂಟಿಗಾಗಿಯೇ ಇರುವುದು.

ಕಂಪ್ಯೂಟರ್ ತೀರಾ ಹಳೆಯದಾದರೆ ಅದರ ಪೋರ್ಟ್ ಯುಎಸ್‌ಬಿ 1.1 ಇರಬಹುದು. ಡಿವಿಡಿಯನ್ನು 1ಎಕ್ಸ್, ಅಂದರೆ ಮೂಲ ವೇಗದಲ್ಲಿ ಬರೆಯಲು ಸೆಕೆಂಡಿಗೆ ಸುಮಾರು 1.4 ಎಂಬಿ ಬೇಕು. ಆ ಹಳೇ ಪೋರ್ಟ್‌ನಿಂದ 1 ಎಂಬಿ ಬರುವುದೇ ಕಷ್ಟ. ಅಲ್ಲಿ ಯಾವ ಸಾಫ್ಟ್‌ವೇರ್ ಹಾಕಿದರೂ ಡಿವಿಡಿ ಬರೆಯಲಾಗದು. ಯುಎಸ್‌ಬಿ 2.0 ಕಾರ್ಡ್ ಹಾಕಿಸಿ. ಎಕ್ಸ್‌ಪಿ ಇದ್ದರೆ ಸರ್ವೀಸ್ ಪ್ಯಾಕ್, ಅಂದರೆ ಮೈಕ್ರೋಸಾಫ್ಟ್ ಕೊಟ್ಟ ದೊಡ್ಡ ಅಪ್‌ಡೇಟ್, ಕೂಡ ಹಾಕಿರಬೇಕು.

ಒಳಗೆ ಕೂರಿಸುವ ರೈಟರ್ ಆದರೆ ಈಗ ಸಿಗುವುದು ಸಾಟಾ ಕೇಬಲ್‌ನವು. ಇಲ್ಲಿ ಒಂದು ಎಚ್ಚರಿಕೆ. ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆಗೆ) ಹೋಗಿ ಸಾಟಾ ಮೋಡ್ ಅನ್ನು ‘ಎಎಚ್‌ಸಿಐ’ ಮಾಡಿ ಅಂತ ಯಾರಾದರೂ ಹೇಳಿದರೆ, ಎಕ್ಸ್‌ಪಿ ಕಂಪ್ಯೂಟರ್‌ನಲ್ಲಿ ಅದನ್ನು ಮಾಡಬೇಡಿ. ಎಕ್ಸ್‌ಪಿ ಒಳಗೆ ಅದರ ಡ್ರೈವರ್ ಇಲ್ಲ. ಮುಂದಿನ ಸಲ ಆನ್ ಮಾಡಿದಾಗ ನೀಲಿ ಪರದೆ ಬಂದು ನಿಲ್ಲುತ್ತದೆ. ಹಾಗೆ ಆಗಿಬಿಟ್ಟಿದ್ದರೆ ಗಾಬರಿ ಬೇಡ, ಬಯೋಸ್‌ನಲ್ಲಿ ಮತ್ತೆ ‘ಐಡಿಇ’ ಮಾಡಿದರೆ ಮೊದಲಿನಂತೆ ಬರುತ್ತದೆ.

ಅಗಲ ಪಟ್ಟಿಯಂಥ ಐಡಿಇ ಕೇಬಲ್‌ನ ರೈಟರ್ ಇದ್ದವರು ಡಿವೈಸ್ ಮ್ಯಾನೇಜರ್‌ನಲ್ಲಿ (ಅದನ್ನು ತೆರೆಯುವ ಬಗೆ 2ನೇ ಹಂತದಲ್ಲಿದೆ) ‘ಸೆಕೆಂಡರಿ ಐಡಿಇ ಚಾನೆಲ್’ನ ಪ್ರಾಪರ್ಟೀಸ್ ತೆರೆದು ‘ಅಡ್ವಾನ್ಸ್ಡ್ ಸೆಟ್ಟಿಂಗ್ಸ್’ ನೋಡಿ. ‘ಅಲ್ಟ್ರಾ ಡಿಎಂಎ’ ಎಂದಿರಬೇಕು. ‘ಪಿಐಒ’ ಎಂದಿದ್ದರೆ ಡೇಟಾ ಆಮೆ ವೇಗದಲ್ಲಿ ಹೋಗುತ್ತಿದೆ ಎಂದರ್ಥ. ಕೇಬಲ್‌ನಲ್ಲಿ ಪದೇ ಪದೇ ತಪ್ಪು ಕಂಡರೆ ಎಕ್ಸ್‌ಪಿ ತಾನೇ ಹೀಗೆ ಇಳಿಸಿಬಿಡುತ್ತದೆ. ಕೇಬಲ್ ಬದಲಿಸಿ, ಆ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ. ವಿಂಡೋಸ್ ಅದನ್ನು ಮತ್ತೆ ಹೊಸದಾಗಿ ಗುರುತಿಸುತ್ತದೆ.

ಹಂತ 2: ವಿಂಡೋಸ್‌ಗೆ ಕಾಣುತ್ತಿದೆಯೇ?

‘ದಿಸ್ ಪಿಸಿ’ ಅಥವಾ ‘ಮೈ ಕಂಪ್ಯೂಟರ್’ ಮೇಲೆ ರೈಟ್ ಕ್ಲಿಕ್ ಮಾಡಿ, ‘ಮ್ಯಾನೇಜ್’ ಒತ್ತಿ, ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ಡಿವಿಡಿ/ಸಿಡಿ-ರಾಮ್ ಡ್ರೈವ್ಸ್’ ಕೆಳಗೆ ಹೊಸ ರೈಟರ್ ಹೆಸರು ಇರಬೇಕು. ಹೆಸರೇ ಇಲ್ಲದಿದ್ದರೆ 1ನೇ ಹಂತಕ್ಕೆ ವಾಪಸ್ ಹೋಗಿ. ಹೆಸರಿದ್ದು ಪಕ್ಕದಲ್ಲಿ ಹಳದಿ ಗುರುತು ಇದ್ದರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಕೋಡ್ 19, 31, 32, 39, 41 ಇವುಗಳಲ್ಲಿ ಯಾವುದಾದರೂ ಬರೆದಿದ್ದರೆ ಕಾರಣ ಬಹುಮಟ್ಟಿಗೆ ಒಂದೇ. ಅದು ಫಿಲ್ಟರ್.

ಫಿಲ್ಟರ್ ಅಂದರೇನು? ರೈಟರ್‌ಗೆ ಹೋಗುವ ಪ್ರತಿ ಆದೇಶವೂ ಹಾದುಹೋಗಬೇಕಾದ ಒಂದು ಪುಟ್ಟ ಡ್ರೈವರ್. ರಸ್ತೆಯಲ್ಲಿ ಟೋಲ್ ಗೇಟ್ ಇದ್ದ ಹಾಗೆ. ಬರ್ನಿಂಗ್ ಸಾಫ್ಟ್‌ವೇರ್‌ಗಳು, ಐಟ್ಯೂನ್ಸ್ ಕೂಡ, ಇಂಥ ಗೇಟ್‌ಗಳನ್ನು ಹಾಕುತ್ತವೆ. ಸಾಫ್ಟ್‌ವೇರನ್ನು ಅನ್‌ಇನ್‌ಸ್ಟಾಲ್ ಮಾಡಿದಾಗ ಕೆಲವು ಸಲ ಗೇಟ್ ಹಾಗೇ ಉಳಿಯುತ್ತದೆ, ತೆರೆಯುವವರು ಮಾತ್ರ ಇರುವುದಿಲ್ಲ. ಆಗ ಹೊಸ ರೈಟರ್ ತಂದರೂ ಅಷ್ಟೇ, ಹಳೆಯದಿದ್ದರೂ ಅಷ್ಟೇ.

ಅದನ್ನು ತೆಗೆಯುವ ಕ್ರಮ ಹೀಗೆ. ಈ ಕೆಲಸ ಸಮಾಧಾನದಿಂದ ಮಾಡಿ.

ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ ‘ರೆಜೆಡಿಟ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ: ಆರ್-ಇ-ಜಿ-ಇ-ಡಿ-ಐ-ಟಿ. ತೆರೆದುಕೊಳ್ಳುವುದು ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಎಲ್ಲ ಸೆಟ್ಟಿಂಗ್ ಬರೆದಿಟ್ಟುಕೊಳ್ಳುವ ಲೆಕ್ಕದ ಪುಸ್ತಕ. ಎಡಗಡೆ ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್ ಹೀಗೆ ಒಂದೊಂದಾಗಿ ತೆರೆಯುತ್ತಾ ಹೋಗಿ. ಅಲ್ಲಿ ಉದ್ದುದ್ದ ಸಂಖ್ಯೆಗಳ ಹೆಸರಿನ ಫೋಲ್ಡರ್‌ಗಳ ಸಾಲೇ ಇರುತ್ತದೆ. ನಿಮಗೆ ಬೇಕಾದದ್ದು 4ಡಿ36ಇ965 ಎಂದು ಶುರುವಾಗುವುದು.

ಇಲ್ಲೇ ಜನ ಎಡವುವುದು. ಆ ಸಾಲಿನಲ್ಲಿ ಇದೇ ತರಹ ಶುರುವಾಗುವ ಹಲವು ಫೋಲ್ಡರ್ ಇವೆ. ಹೆಸರಿನ ಆ ಮೊದಲ ಭಾಗದ ಕೊನೆಗೆ 965 ಇರುವುದು ಸಿಡಿ ಡ್ರೈವ್. 967 ಹಾರ್ಡ್‌ಡಿಸ್ಕ್. 96ಬಿ ಕೀಬೋರ್ಡ್. 96ಎಫ್ ಮೌಸ್. ಅವುಗಳಲ್ಲೂ ‘ಅಪ್ಪರ್ ಫಿಲ್ಟರ್ಸ್’ ಎನ್ನುವ ಸಾಲು ಇರುತ್ತದೆ, ಅಲ್ಲಿ ಅದು ಇರಲೇಬೇಕು. ತಪ್ಪಿ ಕೀಬೋರ್ಡಿನದನ್ನು ಅಳಿಸಿದರೆ ರೀಸ್ಟಾರ್ಟ್ ಆದ ಮೇಲೆ ಪಾಸ್‌ವರ್ಡ್ ಹೊಡೆಯುವುದಕ್ಕೂ ಆಗುವುದಿಲ್ಲ. ಆದ್ದರಿಂದ ಫೋಲ್ಡರ್ ಮೇಲೆ ಕ್ಲಿಕ್ ಮಾಡಿ ಬಲಗಡೆ ‘ಕ್ಲಾಸ್’ ಎನ್ನುವ ಸಾಲು ನೋಡಿ. ಅದರ ಎದುರು ‘ಸಿಡಿರಾಮ್’ ಎಂದೇ ಬರೆದಿರಬೇಕು. ಬೇರೆ ಏನಿದ್ದರೂ ಕೈ ಹಚ್ಚಬೇಡಿ.

ಸರಿಯಾದ ಫೋಲ್ಡರ್ ಸಿಕ್ಕಿತಾ? ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್’ ಒತ್ತಿ ಒಂದು ನಕಲು ಡೆಸ್ಕ್‌ಟಾಪ್‌ಗೆ ಉಳಿಸಿ. ಏನಾದರೂ ಎಡವಟ್ಟಾದರೆ ಆ ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅಳಿಸಿದ್ದು ವಾಪಸ್ ಬರುತ್ತದೆ. ಆಮೇಲೆ ಬಲಗಡೆ ‘ಅಪ್ಪರ್ ಫಿಲ್ಟರ್ಸ್’ ಮತ್ತು ‘ಲೋಯರ್ ಫಿಲ್ಟರ್ಸ್’ ಎಂಬ ಎರಡು ಸಾಲು ಇದ್ದರೆ ಅವೆರಡನ್ನು ಮಾತ್ರ ಅಳಿಸಿ. ಫೋಲ್ಡರನ್ನೇ ಅಳಿಸಬೇಡಿ. ರೀಸ್ಟಾರ್ಟ್ ಮಾಡಿ. ಹಳದಿ ಗುರುತು ಹೋಗಿರಬೇಕು.

ಇದಾದ ಮೇಲೆ ನೀರೋ ಅಥವಾ ಐಟ್ಯೂನ್ಸ್ ತೆರೆದಾಗ ಏನೋ ಕಾಣೆಯಾಗಿದೆ ಎಂದು ದೂರಬಹುದು. ಆ ಒಂದು ಸಾಫ್ಟ್‌ವೇರನ್ನು ಮತ್ತೆ ಇನ್‌ಸ್ಟಾಲ್ ಮಾಡಿದರೆ ತನಗೆ ಬೇಕಾದ ಗೇಟನ್ನು ತಾನೇ ಹಾಕಿಕೊಳ್ಳುತ್ತದೆ.

ಹಂತ 3: ನೀರೋ ಇಲ್ಲದೆ ಒಂದು ಡಿಸ್ಕ್ ಬರೆದು ನೋಡಿ

ತುಂಬಾ ಜನ ಬಿಟ್ಟುಬಿಡುವ ಹಂತ ಇದು. ರೈಟರ್ ಸರಿಯಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ನೀರೋವನ್ನು ಪಕ್ಕಕ್ಕಿಟ್ಟು ನೋಡಬೇಕು, ಅಲ್ವಾ?

ವಿಂಡೋಸ್ 7 ಅಥವಾ ಅದರ ನಂತರದ್ದು ಇದ್ದರೆ ಯಾವುದಾದರೂ ಐಎಸ್‌ಒ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಬರ್ನ್ ಡಿಸ್ಕ್ ಇಮೇಜ್’ ಒತ್ತಿ. ಐಎಸ್‌ಒ ಅಂದರೆ ಇಡೀ ಡಿಸ್ಕನ್ನು ಹಾಗೇ ಒಂದು ಫೈಲಾಗಿ ಇಟ್ಟಿರುವುದು. ಅದಕ್ಕೆ ಇಮೇಜ್ ಎಂದೂ ಹೇಳುತ್ತಾರೆ. ಐಎಸ್‌ಒ ಇಲ್ಲದಿದ್ದರೆ ಖಾಲಿ ಡಿಸ್ಕ್ ಹಾಕಿ ಕೆಲವು ಫೋಟೋ ಎಳೆದು ಬಿಡಿ. ಆಗ ವಿಂಡೋಸ್ ಎರಡು ಆಯ್ಕೆ ಕೊಡುತ್ತದೆ. ‘ಸಿಡಿ/ಡಿವಿಡಿ ಪ್ಲೇಯರ್ ಜೊತೆ’ ಎನ್ನುವುದನ್ನು ಆರಿಸಿ. ‘ಯುಎಸ್‌ಬಿ ಫ್ಲ್ಯಾಶ್ ಡ್ರೈವ್ ತರಹ’ ಎನ್ನುವುದನ್ನು ಆರಿಸಿದರೆ ಆ ಡಿಸ್ಕ್ ಹಳೇ ಪ್ಲೇಯರ್‌ಗಳಲ್ಲಿ ಓಡದೇ ಇರಬಹುದು.

ಎಕ್ಸ್‌ಪಿ ಇರುವವರು ಒಂದು ವಿಷಯ ತಿಳಿದಿರಿ. ಎಕ್ಸ್‌ಪಿಯಲ್ಲಿ ಮೊದಲಿನಿಂದ ಇರುವ ಬರ್ನಿಂಗ್ ಸೌಲಭ್ಯ ಸಿಡಿಗೆ ಮಾತ್ರ, ಸಾಮಾನ್ಯ ಡಿವಿಡಿಗೆ ಅಲ್ಲ. ಖಾಲಿ ಡಿವಿಡಿ ಹಾಕಿ ‘ಬರೆಯುತ್ತಿಲ್ಲ’ ಎಂದು ರೈಟರನ್ನು ದೂರುವಂತಿಲ್ಲ. ಇಲ್ಲಿ ಇಮ್ಗ್‌ಬರ್ನ್ ಎಂಬ ಬರ್ನಿಂಗ್ ಸಾಫ್ಟ್‌ವೇರ್ ಹಾಕಿ. ಉಚಿತ, ಪುಟ್ಟದು, ಎಕ್ಸ್‌ಪಿಯಿಂದ ಹಿಡಿದು ವಿಂಡೋಸ್ 10ರವರೆಗೂ ಓಡುತ್ತದೆ. ಅದರ ಕೊನೆಯ ಆವೃತ್ತಿ 2.5.8.0 ಬಂದಿದ್ದು 2013ರಲ್ಲಿ. ಇನ್‌ಸ್ಟಾಲ್ ಮಾಡುವಾಗ ಪ್ರತಿ ಪುಟವನ್ನೂ ಓದಿ ಮುಂದೆ ಹೋಗಿ. ಜೊತೆಗೆ ಬೇರೆ ಸಾಫ್ಟ್‌ವೇರ್ ಹಾಕಲೇ ಎಂದು ಕೇಳಿದರೆ ಬೇಡ ಎನ್ನಿ.

ಈ ಪರೀಕ್ಷೆಯಲ್ಲಿ ಡಿಸ್ಕ್ ಸರಿಯಾಗಿ ಬರೆದರೆ ರೈಟರ್, ಕೇಬಲ್, ವಿಂಡೋಸ್ ಮೂರೂ ಸರಿಯಿವೆ. ತೊಂದರೆ ನೀರೋ ಕಡೆಗಿದೆ. ಬರೆಯದಿದ್ದರೆ ನೀರೋ ಜೊತೆ ಗುದ್ದಾಡುವುದು ವ್ಯರ್ಥ. ಬೇರೆ ಕಂಪನಿಯ ಡಿಸ್ಕ್ ಹಾಕಿ, ಬೇರೆ ಕಂಪ್ಯೂಟರ್‌ಗೆ ರೈಟರ್ ಚುಚ್ಚಿ ನೋಡಿ. ಅಲ್ಲೂ ಬರೆಯದಿದ್ದರೆ ಆಗ ಬಿಲ್ ಹಿಡಿದುಕೊಂಡು ಅಂಗಡಿಗೆ ಹೋಗಿ.

ಬರ್ನ್ ಅರ್ಧಕ್ಕೆ ನಿಂತ ಡಿಸ್ಕನ್ನು ಎಸೆಯುವ ಮುಂಚೆ ಒಮ್ಮೆ ಅದರ ಅಡಿಭಾಗವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಡಿವಿಡಿಯನ್ನು ಒಳಗಿನಿಂದ ಹೊರಕ್ಕೆ ಬರೆಯುತ್ತಾರೆ. ಬರೆದ ಭಾಗದ ಬಣ್ಣ ಸ್ವಲ್ಪ ಬೇರೆ ಇರುತ್ತದೆ. ನಡುವಿನ ತೂತಿನ ಸುತ್ತ ಕೂದಲೆಳೆಯಷ್ಟು ಉಂಗುರ ಕಂಡರೆ, ಅಥವಾ ಏನೂ ಕಾಣದಿದ್ದರೆ, ಲೇಸರ್ ಶುರುವಿನಲ್ಲೇ ಸೋತಿದೆ. ಕರೆಂಟ್ ಅಥವಾ ಡಿಸ್ಕ್ ಮೇಲೆ ಅನುಮಾನಪಡಿ. ಉಂಗುರ ಅಗಲವಾಗಿ ಹರಡಿ ಮಧ್ಯದಲ್ಲಿ ನಿಂತಿದ್ದರೆ ವೇಗ, ಕೇಬಲ್ ಅಥವಾ ಹಾರ್ಡ್‌ಡಿಸ್ಕ್ ಕಡೆ ನೋಡಿ.

ಹಂತ 4: ನಿಮ್ಮ ನೀರೋ ಯಾವುದು?

‘ಹೆಲ್ಪ್’ ಮೆನುವಿನಲ್ಲಿ ‘ಅಬೌಟ್’ ಒತ್ತಿದರೆ ಆವೃತ್ತಿಯ ಸಂಖ್ಯೆ ಕಾಣುತ್ತದೆ. ಅದರ ಜೊತೆ ‘ಒಇಎಂ’ ಎಂದು ಇದೆಯೇ ನೋಡಿ. ಒಇಎಂ ಅಂದರೆ ಡ್ರೈವ್ ಜೊತೆ ಉಚಿತವಾಗಿ ಕೊಟ್ಟ ಆವೃತ್ತಿ. ನನ್ನ ಅನುಭವದಲ್ಲಿ ನೀರೋ ತೊಂದರೆಯ ದೊಡ್ಡ ಕಾರಣ ಇದೇ. ಇಂಥ ಹಲವು ಆವೃತ್ತಿಗಳು ಯಾವ ಕಂಪನಿಯ ರೈಟರ್ ಜೊತೆ ಬಂದವೋ ಆ ಕಂಪನಿಯ ರೈಟರ್ ಜೊತೆ ಮಾತ್ರ ಕೆಲಸ ಮಾಡುತ್ತವೆ. ಹಳೇ ರೈಟರ್ ಒಂದು ಕಂಪನಿಯದು, ಹೊಸದು ಇನ್ನೊಂದರದ್ದು ಆದರೆ ನೀರೋ ತೆರೆಯುತ್ತದೆ, ಎಲ್ಲ ಮೆನು ಇರುತ್ತದೆ, ರೈಟರ್ ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ. ಇದು ಕೆಟ್ಟಿರುವುದಲ್ಲ, ಲೈಸೆನ್ಸ್ ಇರುವುದೇ ಹಾಗೆ. ಹೊಸ ರೈಟರ್ ಡಬ್ಬದಲ್ಲಿ ಏನಾದರೂ ಡಿಸ್ಕ್ ಬಂದಿದೆಯೇ ನೋಡಿ, ಅದರಲ್ಲಿ ಇದೇ ರೈಟರ್‌ಗೆ ಹೊಂದುವ ಸಾಫ್ಟ್‌ವೇರ್ ಇರಬಹುದು.

ಈ ಬೀಗ ಮುರಿಯುವ ‘ಪ್ಯಾಚ್’ ಸಿಗುತ್ತದೆ ಎಂದು ಯಾರಾದರೂ ಫೈಲ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಅದು ಕಾನೂನಿಗೆ ವಿರುದ್ಧ. ಜೊತೆಗೆ ವೈರಸ್ ಬರುವ ದಾರಿಯೂ ಅದೇ. ಗಿರಾಕಿಗಳ ಮದುವೆ ಫೋಟೋ ಇಟ್ಟುಕೊಂಡಿರುವ ಕಂಪ್ಯೂಟರ್‌ಗೆ ಅದನ್ನು ಬಿಟ್ಟುಕೊಳ್ಳುವುದು ಬೇಡ.

ಪೂರ್ಣ ಆವೃತ್ತಿ ಇದ್ದರೆ, ಅದೇ ಸರಣಿಯ ಕೊನೆಯ ಅಪ್‌ಡೇಟ್ ನಿಮ್ಮ ಹಳೇ ಸಿಡಿಗಳ ನಡುವೆ ಇದೆಯೇ ಹುಡುಕಿ. 6 ಇದ್ದವರು 6ರ ಕೊನೆಯದನ್ನು, 7 ಇದ್ದವರು 7ರ ಕೊನೆಯದನ್ನು ಹಾಕಿ. ಡಬಲ್ ಲೇಯರ್, ಅಂದರೆ ಎರಡು ಪದರದ, ಡಿಸ್ಕ್ ಬರೆಯುವವರಿಗೆ ಇದು ಮುಖ್ಯ. 8.5 ಜಿಬಿಯ ಡಿವಿಡಿ ಪ್ಲಸ್ ಆರ್ ಡಿಎಲ್ ಮಾರುಕಟ್ಟೆಗೆ ಬಂದದ್ದೇ 2004ರಲ್ಲಿ. ಅದಕ್ಕಿಂತ ಮುಂಚಿನ ಸಾಫ್ಟ್‌ವೇರ್‌ಗೆ ಅಂಥ ಡಿಸ್ಕ್ ಇದೆ ಎನ್ನುವುದೇ ಗೊತ್ತಿರುವುದಿಲ್ಲ.

ಹಂತ 5: ಅಡ್ಡಿ ತೆಗೆಯಿರಿ

ಒಂದು ಕಂಪ್ಯೂಟರ್‌ನಲ್ಲಿ ಎರಡು ಮೂರು ಹಳೇ ಬರ್ನಿಂಗ್ ಸಾಫ್ಟ್‌ವೇರ್ ಇದ್ದರೆ ಅವು ರೈಟರ್‌ಗಾಗಿ ಕಿತ್ತಾಡುತ್ತವೆ. ಅದರಲ್ಲೂ ನೀರೋ ಜೊತೆ ಬರುವ ‘ಇನ್‌ಸಿಡಿ’, ರಾಕ್ಸಿಯೋದ ‘ಡೈರೆಕ್ಟ್ ಸಿಡಿ’ ಹಾಗೂ ‘ಡ್ರ್ಯಾಗ್ ಟು ಡಿಸ್ಕ್’ ಇವನ್ನು ತೆಗೆದುಬಿಡಿ. ಡಿಸ್ಕನ್ನು ಪೆನ್‌ಡ್ರೈವ್ ತರಹ ಬಳಸಲು ಇದ್ದ ಸೌಲಭ್ಯ ಅದು. ಈಗ ಪೆನ್‌ಡ್ರೈವೇ ಇದೆ, ಇವುಗಳ ಅಗತ್ಯವಿಲ್ಲ.

ನೀರೋ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ನೋಡಿ. ಎಕ್ಸ್‌ಪಿ ಕಾಲದಲ್ಲಿ ಎಲ್ಲರೂ ಅಡ್ಮಿನಿಸ್ಟ್ರೇಟರ್ ಆಗಿಯೇ ಕಂಪ್ಯೂಟರ್ ನಡೆಸುತ್ತಿದ್ದರು. ಅದರ ನಂತರದ ವಿಂಡೋಸ್ ವಿಸ್ಟಾದಿಂದ ಮುಂದೆ ಹಾಗಿಲ್ಲ. ಆ ಹಕ್ಕು ಸಿಗದಿದ್ದರೆ ಹಳೇ ಸಾಫ್ಟ್‌ವೇರ್ ರೈಟರನ್ನು ಮುಟ್ಟಲಾರದು. ಇದೊಂದರಿಂದಲೇ ಸರಿಹೋದದ್ದೂ ಇದೆ. ಸಾಲದಿದ್ದರೆ ಪ್ರಾಪರ್ಟೀಸ್‌ನಲ್ಲಿ ‘ಕಂಪ್ಯಾಟಿಬಿಲಿಟಿ’ ತೆರೆದು ‘ವಿಂಡೋಸ್ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 3’ ಆರಿಸಿ.

ಇನ್ನೂ ಹಳೆಯ ಕೆಲವು ಸಾಫ್ಟ್‌ವೇರ್‌ಗಳು ‘ಆಸ್ಪಿ ಇಲ್ಲ’ ಎನ್ನುತ್ತವೆ. ಆಸ್ಪಿ ಅಂದರೆ ಅಡಾಪ್ಟೆಕ್ ಕಂಪನಿ ಮಾಡಿದ ಒಂದು ಸೇತುವೆ, ಸಾಫ್ಟ್‌ವೇರ್ ಇದರ ಮೇಲೆ ಹಾದು ರೈಟರನ್ನು ತಲುಪುತ್ತಿತ್ತು. ಎಕ್ಸ್‌ಪಿ ಒಳಗೆ ಅದು ಇಲ್ಲ, ಬೇರೆಯಾಗಿ ಹಾಕಬೇಕು. ಅಡಾಪ್ಟೆಕ್‌ನ ಆ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಇನ್‌ಸ್ಟಾಲ್ ಮಾಡುವ ಫೈಲೇ 16 ಬಿಟ್ ಇದ್ದರಂತೂ 64 ಬಿಟ್ ವಿಂಡೋಸ್‌ನಲ್ಲಿ ಅದು ತೆರೆಯುವುದೂ ಇಲ್ಲ. ಅಲ್ಲಿಗೆ ಬಂದು ನಿಂತಿದ್ದರೆ ಜಗ್ಗಾಡಬೇಡಿ, ಮುಂದಿನ ಹಂತ ಇರುವುದೇ ನಿಮಗಾಗಿ.

ಹಂತ 6: ನೀರೋ ಇಮೇಜ್ ಮಾಡಲಿ, ಬೇರೆಯದು ಬರೆಯಲಿ

ನನಗೆ ಅತ್ಯಂತ ಇಷ್ಟವಾದ ದಾರಿ ಇದು. ಮೇಲಿನದೆಲ್ಲ ಸರಿಹೋದರೂ ಸ್ಟುಡಿಯೋದವರಿಗೆ ನಾನು ಇದನ್ನೇ ಹೇಳುತ್ತೇನೆ. ನೀರೋಗೆ ಹೊಸ ರೈಟರ್ ಕಾಣಲೇಬೇಕು ಎಂದು ಯಾಕೆ ಹಟ? ಅದಕ್ಕೆ ಚೆನ್ನಾಗಿ ಬರುವ ಕೆಲಸ ಡಿಸ್ಕನ್ನು ಜೋಡಿಸುವುದು. ಅದನ್ನು ಅದು ಮಾಡಲಿ. ಲೇಸರ್ ಉರಿಸುವ ಕೆಲಸ ಬೇರೆಯದು ಮಾಡಲಿ.

ನೀರೋದಲ್ಲಿ ಎಂದಿನಂತೆ ಪ್ರಾಜೆಕ್ಟ್ ಸಿದ್ಧ ಮಾಡಿ. ರೈಟರ್ ಆರಿಸುವ ಜಾಗದಲ್ಲಿ ‘ಇಮೇಜ್ ರೆಕಾರ್ಡರ್’ ಎಂಬ ಹೆಸರಿರುತ್ತದೆ. ಅದು ನಿಜವಾದ ರೈಟರ್ ಅಲ್ಲ, ಡಿಸ್ಕ್ ಬದಲು ಹಾರ್ಡ್‌ಡಿಸ್ಕ್‌ಗೆ ಬರೆಯುವ ಏರ್ಪಾಡು. ಅದನ್ನು ಆರಿಸಿ ಬರ್ನ್ ಒತ್ತಿ. ಫೈಲಿನ ಹೆಸರು ಕೇಳುತ್ತದೆ. ಐಎಸ್‌ಒ ಆಯ್ಕೆ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ನೀರೋದ ಸ್ವಂತ ಎನ್‌ಆರ್‌ಜಿ ಫೈಲ್ ಆಗುತ್ತದೆ. ಐಎಸ್‌ಒ ಆದರೆ ವಿಂಡೋಸ್ 7, 10, 11 ತಾವೇ ಬರೆಯುತ್ತವೆ. ಎನ್‌ಆರ್‌ಜಿ ಆದರೆ ಇಮ್ಗ್‌ಬರ್ನ್ ತೆರೆದು ‘ರೈಟ್ ಇಮೇಜ್ ಫೈಲ್ ಟು ಡಿಸ್ಕ್’ ಒತ್ತಿ ಬರೆಯಿರಿ. ಎನ್‌ಆರ್‌ಜಿಯ ಹೆಸರಿನ ಬಾಲ ಬದಲಿಸಿ ಐಎಸ್‌ಒ ಎಂದು ಮಾಡಿದರೆ ಅದು ಐಎಸ್‌ಒ ಆಗುವುದಿಲ್ಲ.

ವಿಡಿಯೋ ಡಿವಿಡಿ ಆದರೆ ಇನ್ನೂ ಸುಲಭ. ನೀರೋದ ವಿಡಿಯೋ ಭಾಗವಾದ ನೀರೋ ವಿಷನ್‌ನಲ್ಲಿ ‘ಹಾರ್ಡ್‌ಡಿಸ್ಕ್ ಫೋಲ್ಡರ್‌ಗೆ ಬರೆ’ ಎಂಬ ಆಯ್ಕೆ ಇದೆ. ಅದು ‘ವಿಡಿಯೋ ಟಿಎಸ್’ ಎಂಬ ಫೋಲ್ಡರ್ ಕೊಡುತ್ತದೆ. ಆ ಫೋಲ್ಡರನ್ನು ಇಮ್ಗ್‌ಬರ್ನ್‌ಗೆ ಕೊಟ್ಟರೆ ಅದು ವಿಡಿಯೋ ಡಿವಿಡಿ ಎಂದು ತಾನೇ ಗುರುತಿಸಿ, ಸೆಟ್ಟಿಂಗ್ ತಪ್ಪಿದ್ದರೆ ಸರಿಪಡಿಸಲೇ ಎಂದು ಕೇಳುತ್ತದೆ. ಹೂಂ ಎನ್ನಿ. ಫೋಲ್ಡರ್ ಹೆಸರನ್ನು ಬದಲಿಸಬೇಡಿ, ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಇರಲಿ. ಬದಲಿಸಿದರೆ ಟಿವಿಯ ಪ್ಲೇಯರ್ ಅದನ್ನು ಗುರುತಿಸುವುದಿಲ್ಲ.

ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ.

ಒಂದು, ಇಮೇಜ್ ಫೈಲನ್ನು ಸಾಮಾನ್ಯ ಫೈಲಿನಂತೆ ಡಿಸ್ಕ್‌ಗೆ ಎಳೆದು ಹಾಕುವುದು. ಹಾಗೆ ಮಾಡಿದರೆ ಡಿಸ್ಕ್ ತೆರೆದಾಗ ಒಂದೇ ಒಂದು ದೊಡ್ಡ ಫೈಲ್ ಕಾಣುತ್ತದೆ, ಏನೂ ಪ್ಲೇ ಆಗುವುದಿಲ್ಲ. ‘ಬರ್ನ್ ಇಮೇಜ್’ ಎನ್ನುವ ದಾರಿಯಲ್ಲೇ ಹೋಗಬೇಕು.

ಎರಡು, ಹಳೇ ಹಾರ್ಡ್‌ಡಿಸ್ಕ್ ಫ್ಯಾಟ್32, ಅಂದರೆ ಫೈಲುಗಳನ್ನು ಜೋಡಿಸಿಡುವ ಹಳೇ ಪದ್ಧತಿಯಲ್ಲಿ, ಇರುವುದು. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ತುಂಬಿದ ಡಿವಿಡಿಯ ಇಮೇಜ್ ಅದಕ್ಕಿಂತ ದೊಡ್ಡದು. ಜಾಗ ಎಷ್ಟಿದ್ದರೂ ಕೊನೆಯಲ್ಲಿ ‘ಜಾಗ ಸಾಲದು’ ಎಂದು ನಿಲ್ಲುತ್ತದೆ. ಡ್ರೈವ್‌ನ ಪ್ರಾಪರ್ಟೀಸ್‌ನಲ್ಲಿ ‘ಎನ್‌ಟಿಎಫ್‌ಎಸ್’ ಎಂದಿರುವ ಕಡೆ ಇಮೇಜ್ ಉಳಿಸಿ.

ಮೂರು, ಖಾಲಿ ಡಿವಿಡಿ ಮೇಲೆ ಬರೆದಿರುವ 4.7 ಜಿಬಿ ಎಂಬ ಲೆಕ್ಕ. ಡಿಸ್ಕ್ ಕಂಪನಿ ಸಾವಿರದ ಲೆಕ್ಕದಲ್ಲಿ ಹೇಳುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಹಾಗಾಗಿ ವಿಂಡೋಸ್ ತೋರಿಸುವ ಲೆಕ್ಕದಲ್ಲಿ ಹಿಡಿಯುವುದು 4.37 ಜಿಬಿ ಮಾತ್ರ. 4.5 ಜಿಬಿಯ ಪ್ರಾಜೆಕ್ಟ್ ಹಿಡಿಸುವುದಿಲ್ಲ.

ಫೈಲುಗಳಿಗೆ ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ಮಾತು. ಯೂನಿಕೋಡ್ ಅರ್ಥವಾಗದ ಹಳೇ ಸಾಫ್ಟ್‌ವೇರ್‌ಗೆ ಕೊಟ್ಟರೆ ‘ಸಭಾಲಕ್ಷಣ’ ಎಂಬ ಫೈಲಿನ ಹೆಸರು ಹೋಗಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ. ಅಂಥ ಡೇಟಾ ಡಿಸ್ಕನ್ನು ವಿಂಡೋಸ್ ಅಥವಾ ಇಮ್ಗ್‌ಬರ್ನ್‌ನಲ್ಲೇ ನೇರವಾಗಿ ಮಾಡಿ. ಕಾರ್ ಸ್ಟೀರಿಯೋಗಾದರೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿಡಿ, ಅದರ ಪರದೆಗೆ ಸಾಮಾನ್ಯವಾಗಿ ಕನ್ನಡ ಅಕ್ಷರ ಬರುವುದಿಲ್ಲ.

ಹಂತ 7: ವೇಗ, ಡಿಸ್ಕ್, ಪರೀಕ್ಷೆ

ನಿಧಾನವಾಗಿ ಬರೆದಷ್ಟೂ ಒಳ್ಳೆಯದು ಎಂಬ ನಂಬಿಕೆ ಇದೆ. ಅದು ಪೂರ್ತಿ ನಿಜವಲ್ಲ. ಈಗಿನ ಡಿಸ್ಕ್‌ಗಳು 16ಎಕ್ಸ್‌ಗೆಂದು ಮಾಡಿದವು, ಅವನ್ನು 1ಎಕ್ಸ್, 2ಎಕ್ಸ್‌ನಲ್ಲಿ ಬರೆದರೆ ಕೆಲವು ಸಲ ಗುಣಮಟ್ಟ ಇನ್ನೂ ಕಡಿಮೆಯಾಗುತ್ತದೆ. ತೆಳ್ಳನೆಯ ಹೊರಗಿನ ರೈಟರ್‌ಗೆ 4ಎಕ್ಸ್ ಅಥವಾ 6ಎಕ್ಸ್, ಒಳಗಿನದಕ್ಕೆ 8ಎಕ್ಸ್ ಇಡಿ.

ನೀರೋದ ‘ಸಿಮ್ಯುಲೇಷನ್’, ಅಂದರೆ ಲೇಸರ್ ಉರಿಸದೆ ಸುಮ್ನೆ ಬರೆದಂತೆ ಮಾಡಿ ನೋಡುವುದು, ಡಿವಿಡಿಗಳ ಪೈಕಿ ಮೈನಸ್ ಬಗೆಯವುಗಳಲ್ಲಿ ಮಾತ್ರ ಸಾಧ್ಯ (ಮೈನಸ್, ಪ್ಲಸ್ ಎನ್ನುವುದು ಖಾಲಿ ಡಿವಿಡಿಯ ಎರಡು ಬಗೆ). ಪ್ಲಸ್ ಆರ್‌ನಲ್ಲಿ ಆ ಸೌಲಭ್ಯವೇ ಇಲ್ಲ. ಪರೀಕ್ಷೆ ಮಾಡಲೆಂದು ಪ್ಲಸ್ ಡಿಸ್ಕ್ ಹಾಕಿದರೆ ಅದು ನಿಜವಾಗಿಯೇ ಬರೆದುಬಿಡಬಹುದು.

‘ಪವರ್ ಕ್ಯಾಲಿಬ್ರೇಷನ್ ಎರರ್’ ಬಂದರೆ ಗಾಬರಿಯಾಗಬೇಡಿ. ಬರೆಯುವ ಮುನ್ನ ರೈಟರ್ ಡಿಸ್ಕ್‌ನ ಒಂದು ಮೂಲೆಯಲ್ಲಿ ಲೇಸರ್ ಎಷ್ಟು ಜೋರಿರಬೇಕೆಂದು ಪರೀಕ್ಷಿಸಿಕೊಳ್ಳುತ್ತದೆ. ಆ ಪರೀಕ್ಷೆ ಸೋತಿದೆ ಎಂದಷ್ಟೇ ಅರ್ಥ. ಹೊಸ ರೈಟರ್‌ನಲ್ಲಿ ಇದು ಬಂದರೆ ಕಾರಣ ಜಾಸ್ತಿ ಸಲ ಡಿಸ್ಕ್ ಅಥವಾ ಯುಎಸ್‌ಬಿ ಕರೆಂಟ್. ಬೀರುವಿನಲ್ಲಿ ವರ್ಷಗಟ್ಟಲೆ ಉಳಿದ ಡಿಸ್ಕ್ ಬಳಸುತ್ತಿದ್ದೀರಾ ನೋಡಿಕೊಳ್ಳಿ. ಉದಾಹರಣೆಗೆ, ಒಂದು ಕಾಲದಲ್ಲಿ ಮೋಸರ್ ಬೇರ್ ಕಂಪನಿಯ ಡಿಸ್ಕ್‌ಗಳು ನಮ್ಮ ಪ್ರತಿ ಅಂಗಡಿಯಲ್ಲೂ ಸಿಗುತ್ತಿದ್ದವು. ಆ ಕಂಪನಿ 2018ರಲ್ಲೇ ಲಿಕ್ವಿಡೇಷನ್‌ಗೆ, ಅಂದರೆ ಮುಚ್ಚಿ ಆಸ್ತಿ ಮಾರುವ ಹಂತಕ್ಕೆ, ಹೋಯಿತು. ಅಂದರೆ ನಿಮ್ಮ ಕೈಲಿರುವ ಹಳೇ ಪ್ಯಾಕ್‌ಗೆ ಸಾಕಷ್ಟು ವಯಸ್ಸಾಗಿದೆ. ಡಿಸ್ಕ್‌ನೊಳಗಿನ ಬಣ್ಣದ ಪದರ ಬಿಸಿಲು, ತೇವಕ್ಕೆ ಹಾಳಾಗುತ್ತದೆ. ಹಳೇ ಪ್ಯಾಕ್‌ನಲ್ಲಿ ಒಂದನ್ನು ಬರೆದು ನೋಡದೆ ಗಿರಾಕಿಯ ಕೆಲಸಕ್ಕೆ ಹಾಕಬೇಡಿ.

ಬರ್ನ್ ಮಾಡುವಾಗ ‘ವೆರಿಫೈ’ ಗುರುತು ಹಾಕಿರಿ. ಬರೆದದ್ದನ್ನು ಮತ್ತೆ ಓದಿ ಮೂಲದ ಜೊತೆ ಹೋಲಿಸುತ್ತದೆ. ಸಮಯ ಜಾಸ್ತಿ ಹಿಡಿದರೂ ಬಿಡಬೇಡಿ. ‘ಫೈನಲೈಸ್’ ಕೂಡ ಹಾಕಿ, ಅದು ಡಿಸ್ಕನ್ನು ಮುಚ್ಚಿ ಬೇರೆ ಪ್ಲೇಯರ್‌ಗಳು ಓದುವಂತೆ ಮಾಡುತ್ತದೆ.

ಆಮೇಲೆ ಡಿಸ್ಕನ್ನು ಬರೆದ ರೈಟರ್‌ನಲ್ಲಲ್ಲ, ಬೇರೆ ಪ್ಲೇಯರ್‌ನಲ್ಲಿ ಹಾಕಿ ನೋಡಿ. ಶುರುವಿನ ಐದು ನಿಮಿಷ ನೋಡಿ ತೃಪ್ತರಾಗಬೇಡಿ. ನೇರವಾಗಿ ಕೊನೆಗೆ ಹೋಗಿ, ಮದುವೆ ಆದರೆ ಹೆಣ್ಣು ಒಪ್ಪಿಸುವ ಭಾಗ, ಯಕ್ಷಗಾನ ಆದರೆ ಮಂಗಳ ಹಾಡುವ ಭಾಗ. ಅದು ಬರೆದಿರುವುದು ಡಿಸ್ಕ್‌ನ ಹೊರ ಅಂಚಿನಲ್ಲಿ, ಓದಲು ತೊಡಕಾಗುವುದು ಜಾಸ್ತಿ ಅಲ್ಲೇ. ಅಲ್ಲಿ ಚಿತ್ರ ಒಡೆಯದೆ, ನಿಲ್ಲದೆ ಓಡಿದರೆ ಡಿಸ್ಕ್ ಕೊಡಬಹುದು. ಒಡೆದರೆ ಒಂದು ಮೆಟ್ಟಿಲು ವೇಗ ಇಳಿಸಿ, ಅದೇ ಇಮೇಜ್‌ನಿಂದ ಇನ್ನೊಂದು ಬರೆಯಿರಿ.